ನೀರಿಗಿಳಿಯಲು ಒಂದು ಅಲಮಾರಿ

ನಿನ್ನೆ ನಮ್ಮ ಹುಮನಾಬಾದಿನ ಮನೆಯ ಮಾಳಿಗೆ ಮೇಲಿನ ನೀರಿನ ಟಾಕಿ ಸೀಳಿಹೋಯಿತು. ಬಟ್ಟೆಯೆಲ್ಲ ಒಗೆದಾದ ಮೇಲೆ ಸೀಳಿತಲ್ಲ, ಅದಕ್ಕೊಮ್ಮೆ ದೇವರಿಗೆ ಕೈಮುಗಿದೆ. ಹೊಸದು ತರಲು ಹೋದರೆ ಅಂಗಡಿಯವರು ಬಹಳ ಗಂಭೀರವಾಗಿ, “ಯಾವುದು ಕೊಡ್ಲಿರಿ ಅಕ್ಕಾರ? ಪ್ಲಾಸ್ಟಿಕ್ಕೋ, ಸ್ಟೀಲೋ, ಸಿಮೆಂಟಿಂದೋ?” ಎಂದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಪಾಪ, ಅವರು ತಮ್ಮ ಅಂಗಿ ಗುಂಡಿ ನೋಡಿಕೊಂಡರು.

ನಗದೆ ಏನು ಮಾಡಲಿ ಹೇಳಿ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ತವರಿನಲ್ಲಿ ನಾವೆಲ್ಲ ಊಟಕ್ಕೆ ಕೂತಾಗಲೆಲ್ಲ ಏಳುತ್ತಿತ್ತು. ಆದರೆ ನೀರನ್ನು ಒಳಗೆ ಹಿಡಿದಿಡುವುದಕ್ಕಲ್ಲ, ಹೊರಗೆ ಇಡುವುದಕ್ಕೆ. ನನ್ನ ತಮ್ಮ ಶರಣು ಸಬ್‌ಮರೀನ್ ಮಾಡಲು ಹೊರಟಿದ್ದ.

ನನ್ನ ತವರು ಬಸವಕಲ್ಯಾಣ. ಶರಣು ಅಲ್ಲಿ ಕಬ್ಬಿಣದ ಅಲಮಾರಿ ಮಾಡುತ್ತಾನೆ. ಊರ ಹೊರಗೆ ನಮ್ಮ ಹೊಲದಲ್ಲಿ ಮೆಟ್ಟಿಲು ಕಟ್ಟಿದ ಹಳೆಯ ಬಾವಿಯಿದೆ. ಅದರ ಗೋಡೆಯಲ್ಲಿ, ನೀರಿನ ಮಟ್ಟದಿಂದ ಎರಡಾಳು ಕೆಳಗೆ, ಒಂದು ಗೂಡು. ಗೂಡಿನಲ್ಲಿ ಅಂಗೈಯಗಲದ ಕಲ್ಲಿನ ಬಸವಣ್ಣ. ನಮ್ಮ ಮನೆಯ ಮಕ್ಕಳು ಈಜು ಕಲಿತ ಮೇಲೆ ಉಸಿರು ಹಿಡಿದು ಮುಳುಗಿ ಆ ಬಸವಣ್ಣನನ್ನು ಮುಟ್ಟಿ ಬರಬೇಕು. ಬಂದವರಿಗೆ ಅವ್ವ ತುಪ್ಪ ಸುರಿದ ಹೋಳಿಗೆ ಬಡಿಸುತ್ತಾಳೆ. ಗಂಡು ಹೆಣ್ಣೆಂಬ ಭೇದ ಇಲ್ಲ. ನಾನೂ ಲಂಗ ಕಚ್ಚೆ ಕಟ್ಟಿ ಮುಟ್ಟಿ ಬಂದವಳೇ. ಈಗ ನನ್ನ ಮೈ ನೋಡಿದವರು ನಂಬುವುದಿಲ್ಲ.

ಮುಟ್ಟದೆ ಉಳಿದವನು ಶರಣು ಒಬ್ಬನೇ. ಅವನಿಗೆ ನೀರೆಂದರೆ ಜೀವಭಯ. ತಲೆ ಮೇಲೆ ತಂಬಿಗೆ ನೀರು ಬಿದ್ದರೂ ಕಣ್ಣು ಮುಚ್ಚಿ ನೆನಪಿರುವ ದೇವರನ್ನೆಲ್ಲ ಕರೆಯುವವನು. ಹಬ್ಬದಲ್ಲಿ ಹೋಳಿಗೆ ತಿನ್ನುವಾಗ ಯಾರಾದರೂ ಚುಚ್ಚುತ್ತಿದ್ದರು. ಅವನು ನಕ್ಕು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ. ಆದರೆ ಆ ಬೇಸಿಗೆ ಅವನ ಮಗಳು ಭಾಗ್ಯ ಮುಟ್ಟಿ ಬಂದು, ಒದ್ದೆ ತಲೆಯಲ್ಲೇ, “ಅಪ್ಪಾ, ನೀ ಯಾವಾಗ ಮುಟ್ಟೀದಿ?” ಎಂದು ಕೇಳಿದಾಗ ನಗಲಿಲ್ಲ. ಕೈತೊಳೆದು ಎದ್ದುಹೋದ. ಮರುದಿನ ನನಗೆ ಫೋನು: “ಅಕ್ಕಾ, ತೊಯ್ಯದೇ ಕೆಳಗ ಹೋಗೋ ದಾರಿ ಸಿಕ್ಕದ.”

ಅಲ್ಲಿಂದ ಶುರುವಾಯಿತು, ಯಾವುದರಿಂದ ಮಾಡಬೇಕೆಂಬ ಚರ್ಚೆ. ಮೊದಲು ಎಣ್ಣೆಯ ಬ್ಯಾರಲ್ ಎಂದ. ತಗಡು ತೆಳುವು, ನೀರು ಒತ್ತಿದರೆ ನೆಗ್ಗುತ್ತದೆಂದು ತಾನೇ ಕೈಬಿಟ್ಟ. ಪ್ಲಾಸ್ಟಿಕ್ ಟಾಕಿ ಬಾವಿಗೆ ಬಿಟ್ಟು ನೋಡಿದರೆ ಅದು ಮುಳುಗಲು ಒಪ್ಪಲಿಲ್ಲ. ನಮ್ಮ ಯಜಮಾನರದು ಮಾಣಿಕನಗರದಲ್ಲಿ ಕಿರಾಣಿ ಅಂಗಡಿ. ಅಕ್ಕಿ ಬೇಳೆ ಬಿಟ್ಟರೆ ಬೇರೆ ಗೊತ್ತಿಲ್ಲ, ಆದರೂ ಸಲಹೆಗೆ ಬರವಿಲ್ಲ.

“ಸಿಮೆಂಟಿಂದ ಮಾಡೋ. ನೀರಾಗ ಏನೂ ಆಗಂಗಿಲ್ಲ.”

“ಮಾಮಾರ, ಕೆಳಗ ಹೋದರಷ್ಟೇ ಮುಗೀತೇನ್ರಿ? ಮ್ಯಾಲೂ ಬರಬೇಕಲ್ಲ.”

“ಹಂಗಾದ್ರ ಕಟಗೀದು ಮಾಡು. ಮ್ಯಾಲೇ ಇರ್ತದ, ಕೆಳಗ ಹೋಗೋ ತ್ರಾಸೇ ಇಲ್ಲ.”

ಅವ್ವ ರೊಟ್ಟಿ ಮುರಿಯುತ್ತಾ, “ಹಿತ್ತಾಳೀದು ಮಾಡೋ ಯಪ್ಪಾ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಫಳಫಳ ಅಂತದ,” ಎಂದಳು.

ನಾನೂ ಸುಮ್ಮನಿರಲಿಲ್ಲ. ಒಮ್ಮೆ ಬಿಸಿ ಅವಲಕ್ಕಿ ಚೂಡಾ ತುಂಬಿ ಮುಚ್ಚಳ ಒತ್ತಿಟ್ಟಿದ್ದ ಚೌಕ ಡಬ್ಬಿ ಆರಿದ ಮೇಲೆ ಪಕ್ಕೆ ಒಳಗೆಳೆದುಕೊಂಡು ನಿಂತಿತ್ತು. ದುಂಡನೆಯ ಡಬ್ಬಿಗೆ ಎಂದೂ ಹಾಗಾಗಿರಲಿಲ್ಲ. “ಏನರ ಹಾಕು, ದುಂಡಗ ಮಾಡು,” ಎಂದೆ.

“ಅಕ್ಕಾ, ನೀ ಇಂಜಿನಿಯರ್ ಆಗಬೇಕಿತ್ತು.”

“ನಿನ್ನ ಅಕ್ಕ ಆಗಿದ್ದೇ ಸಾಕಾಗ್ಯದ.”

ಕಡೆಗೆ ಗೆದ್ದದ್ದು ಅಲಮಾರಿಯ ಕಬ್ಬಿಣವೇ. ಕೈಗೆ ರೂಢಿಯಾದದ್ದಲ್ಲವೇ! ಎರಡು ಪದರ ಸೇರಿಸಿ ದುಂಡಗೆ ಬಗ್ಗಿಸಿ, ಬೆಸುಗೆ ಹಾಕಿ, ಹಸಿರು ಬಣ್ಣ ಬಳಿದ. ಮುಂದೆ ನೋಡಲು ಕಿಂಡಿ ಕೊರೆದ. ಅದಕ್ಕೆ ದಪ್ಪ ಗಾಜು ಹುಮನಾಬಾದಿನಿಂದ ತರುವ ಕೆಲಸ ನನ್ನದು. “ಅಲಮಾರಿ ಕನ್ನಡಿ ತರಬ್ಯಾಡ ಮತ್ತ, ನನ್ನ ಮಾರೀನೇ ಕಾಣ್ತದ,” ಎಂದಿದ್ದ. ಗಾಜಿನವನು ಕೊಯ್ದೇ ಇರಲಿಲ್ಲ, ನೀರಿಗಿಳಿಸುವ ದಿನ ಬರಿಗೈಲಿ ಹೋದೆ. ಶರಣು ಮುಖ ಸಣ್ಣದು ಮಾಡಿಕೊಂಡ. “ಇರಲಿ ಬಿಡು, ಇವತ್ತು ಒಣ ನೆಲದ ಮ್ಯಾಲೇ ಕುಂತು ನೋಡ್ತೀನಿ.”

ಬಾವಿಯ ಪಕ್ಕದಲ್ಲಿ ಅವ್ವ ಅದಕ್ಕೆ ವಿಭೂತಿ ಬಳಿದು ಕಾಯಿ ಒಡೆದಳು. ಶರಣು ಒಳಗೆ ಕೂತು ಬಾಗಿಲು ಎಳೆದುಕೊಂಡ. ಟಕ್ ಎಂದಿತು.  ಮರುಕ್ಷಣ ಒಳಗಿನಿಂದ ಬಡಿಯತೊಡಗಿದ.

“ಅಕ್ಕಾ, ಹಿಡಿಕಿ ಹೊರಗ ಅದ.”

“ಹೊರಗ ಯಾರು ಹಚ್ಚಿದ್ರೋ?”

“ನಾನೇ.”

ಹುಟ್ಟಿದಾಗಿನಿಂದ ಅಲಮಾರಿ ಮಾಡಿದ ಕೈ. ಅಲಮಾರಿಯನ್ನು ಒಳಗಿನಿಂದ ಯಾರು ತೆಗೆಯುತ್ತಾರೆ? ಯಜಮಾನರು ಹಿಡಿಕೆ ಜಗ್ಗಿದರು; ಒಳ್ಳೆಯ ಅಲಮಾರಿಗೆ ಬೀಳುವಂತೆ ಕೀಲಿಯೂ ಬಿದ್ದಿತ್ತು. “ಚಾವಿ ಎಲ್ಲಿ ಅದೋ?” “ನನ್ನ ಕಿಸೇದಾಗ.”

ಆ ಬಿಸಿಲಿನಲ್ಲಿ ಕಬ್ಬಿಣ ಕಾಯುತ್ತಿತ್ತು.  ಅಷ್ಟರಲ್ಲಿ ಗಾಜಿಲ್ಲದ ಕಿಂಡಿಯಿಂದ ಚಾವಿ ಹಿಡಿದ ಕೈಯೊಂದು ಹೊರಬಂತು. ಗಾಜು ಕೊಯ್ಯದ ಆ ಪುಣ್ಯಾತ್ಮನ ಮನೆ ತಣ್ಣಗಿರಲಿ. ಅವ್ವ ಚಾವಿ ತೆಗೆದುಕೊಳ್ಳದೆ ಮಗನ ಕೈಯನ್ನೇ ಹಿಡಿದುಕೊಂಡು ನಿಂತುಬಿಟ್ಟಳು.

“ಶರಣೂ, ಗಾಜು ಕೂಡಿಸಿದ ಮ್ಯಾಲ ಈ ಕೈ ಎಲ್ಲಿಂದ ಹೊರಗ ಬರ್ತದೋ? ಬಸವಣ್ಣಗ ಹ್ಯಾಂಗ ಮುಟ್ಟತಿ?”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸಿಮೆಂಟು, ಕಟ್ಟಿಗೆ, ಹಿತ್ತಾಳೆ ಎಂದು ದಿನಗಟ್ಟಲೆ ಬಾಯಿ ನೋಯಿಸಿಕೊಂಡವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

 ಒಳಗಿನಿಂದ ಸಣ್ಣ ದನಿ: “ಅವ್ವಾ, ಮೊದಲ ಚಾವಿ ತಗೋ. ಸುಡಾಕತ್ತದ.”

ಹೊರಬಂದಾಗ ಬೆವರಿನಲ್ಲಿ ಮಿಂದಿದ್ದ. “ಅಪ್ಪ ಬಾವಿಗಿ ಇಳೀದೇ ತೊಯ್ದಾನ!” ಎಂದು ಭಾಗ್ಯ ಚಪ್ಪಾಳೆ ತಟ್ಟಿದಳು.  ಅವನು ಬಾವಿಯ ಮೆಟ್ಟಿಲಿಳಿದು ಕೂತ, ಪಾದ ನೀರಿಗಿಟ್ಟ, ತೆಗೆದ, ಮತ್ತೆ ಇಟ್ಟ. ಕಡೆಗೆ ಹಿಂದಿರುಗಿ ನೋಡದೆ, “ಭಾಗ್ಯಾ, ನೀ ಈಜು ಕಲಿಯಾಕ ಬೆನ್ನಿಗಿ ಕಟ್ಟಿಕೊಂಡಿದ್ದ ಖಾಲಿ ಡಬ್ಬಿ ಅದಾವೇನು?” ಎಂದ.

ಹಸಿರು ಸಬ್‌ಮರೀನ್ ಈಗ ಅವ್ವನ ಕೋಣೆಯಲ್ಲಿದೆ. ಹೊದೆಯುವ ಕೌದಿ ಇಡಲು ಬಹಳ ಅನುಕೂಲ. ಶರಣು ಆ ಬೇಸಿಗೆ ಮೊಣಕಾಲಿನವರೆಗೆ ಇಳಿದ, ಹೋದ ಬೇಸಿಗೆ ಎದೆಯವರೆಗೆ. ನಿನ್ನೆ ಸಂಜೆ, ಹೊಸ ಟಾಕಿ ಮಾಳಿಗೆಗೇರಿಸುವ ಗದ್ದಲದಲ್ಲಿ ಭಾಗ್ಯಳ ಫೋನು ಬಂತು.

“ಅತ್ಯಾ, ಅಪ್ಪ ಡಬ್ಬಿ ಬಿಚ್ಚಿಟ್ಟು ತಲಿ ಮುಳುಗಿಸಿದ! ಬಸವಣ್ಣ ಇನ್ನ ಒಂದು ಗೇಣ ಉಳದಾನಂತ. ಸುಳ್ಳು ಹೇಳ್ತಾನ, ಇನ್ನ ಒಂದು ಆಳು ಅದ.”

ಕಬ್ಬಿಣ ಬಗ್ಗಿಸುತ್ತಿದ್ದ ದಿನಗಳಲ್ಲಿ ಪೂಜೆಗೆ ಕೂತಾಗಲೆಲ್ಲ ಅಂಗೈಯಲ್ಲಿನ ಲಿಂಗಕ್ಕೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: ನಮ್ಮ ಶರಣು ಮುಳುಗದಿರಲಿ. ಇವತ್ತು ಬೆಳಿಗ್ಗೆ ಪತ್ರಿ ಏರಿಸಿ, ಕಣ್ಣು ಮುಚ್ಚಿ, “ಯಪ್ಪಾ, ಅವ ಇನ್ನೊಂದು ಆಳು ಮುಳುಗಲಿ,” ಎಂದು ಬೇಡಿಕೊಂಡೆ. ಮೇಲೆತ್ತಿಕೊಂಡು ಬರುವುದೂ ನಿನ್ನ ಕೆಲಸವೇ ಎಂದು ಸೇರಿಸುವುದನ್ನೇನೂ ಮರೆಯಲಿಲ್ಲ.