ಸರಾಸರಿ ಇಳಿದ ವರ್ಷ

ಕೊರೊನಾ ಹಾವಳಿ ತಣ್ಣಗಾದ ಮರುವರ್ಷ ನಾನು ಸಿರುಗುಪ್ಪ ತಾಲ್ಲೂಕಿನಲ್ಲಿ ಸಾಂಖ್ಯಿಕ ನಿರೀಕ್ಷಕಿಯಾಗಿದ್ದೆ. ಆಯ್ದ ಹಳ್ಳಿಗಳಿಗೆ ಎರಡು ವರ್ಷಕ್ಕೊಮ್ಮೆ ಹೋಗಿ, ಮನೆಯಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ಗಳಿಸುತ್ತಾರೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ಕುರುಗೋಡು ರಸ್ತೆಯಿಂದ ಒಳಗಿದ್ದ ಒಂದು ಪುಟ್ಟ ಊರೂ ಇತ್ತು. ಒಂಬತ್ತೇ ಮನೆ. ಹಿಂದಿನ ಸಲ ಮೂವತ್ತೆಂಟು ಜನರಿದ್ದರು.

ಈ ಸಲ ಒಂದು ಮನೆಗೆ ಬೀಗ ಬಿದ್ದಿತ್ತು. ಅಂಗಳ ಮಾತ್ರ ಅಂದೇ ಗುಡಿಸಿದಂತಿತ್ತು. ಫಾರಂ ಮೇಲೆ ‘ಬೀಗ’ ಎಂದು ಬರೆಯುತ್ತಿದ್ದಂತೆ ಪಕ್ಕದ ಮನೆಯ ನಾಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಹಂಗ ಬರೀಬ್ಯಾಡ್ರಿ ಅಕ್ಕಾರ. ಐದು ಮಂದಿ ಅದಾರ ಅಂತ ಬರ್ಕೋರಿ.”

“ಎಲ್ಲಿದ್ದಾರಮ್ಮ?”

“ಬಳ್ಳಾರ್ಯಾಗ. ಬರ್ತಾರ.”

ಅದು ಅವಳ ಗೆಳತಿ ಶರಣಮ್ಮನ ಮನೆ. ಇಬ್ಬರೂ ಕೊಳಗಲ್ಲಿನ ಹೆಣ್ಣುಮಕ್ಕಳು, ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಊರಿನ ಎಂಟು ಮನೆಗಳಿಗೆ ಕಾಲುವೆ ನೀರಿನ ಗದ್ದೆಯಿತ್ತು, ಶರಣಮ್ಮನ ಮನೆಗೆ ಇರಲಿಲ್ಲ. ಭತ್ತ ಕೊಯ್ಯುವ ಯಂತ್ರ ಬಂದ ಮೇಲೆ ಕೂಲಿಯೂ ತಪ್ಪಿತು. ಗಂಡ, ಮೂವರು ಮಕ್ಕಳೊಂದಿಗೆ ಅವಳು ಜೀನ್ಸ್ ಹೊಲಿಯುವ ಕೆಲಸಕ್ಕೆ ಬಳ್ಳಾರಿ ಸೇರಿ ಒಂದು ವರ್ಷ ದಾಟಿತ್ತು.

ಆರು ತಿಂಗಳಿಗಿಂತ ಹೆಚ್ಚು ಬೇರೆಡೆ ಇದ್ದವರನ್ನು ಇಲ್ಲಿ ಎಣಿಸುವಂತಿಲ್ಲ ಎಂಬ ನಿಯಮವನ್ನು ನಾನು ಅವಳಿಗೆ ಹೇಳಿದೆ. ನಾಗಮ್ಮ ಕೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿಕೊಂಡಳು.

“ರೊಟ್ಟಿ ಬಡಿಯಾಕ ಕುಂತ್ರ ಇವತ್ತಿಗೂ ಎಡಕ್ಕ ನೋಡ್ತೀನ್ರಿ. ಆಕಿ ಅಲ್ಲೇ ಕುಂದರ್ತಿದ್ಲು” ಎಂದಳು.

ನಾನು ಮೂವತ್ಮೂರು ಎಂದೇ ಬರೆದೆ. ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯವಳು ಎಂದು ತಿಳಿದಾಗ ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದನ್ನು ಕಟ್ಟಿಕೊಟ್ಟು, ಗೆಳತಿಗೆ ಮುಟ್ಟಿಸಲು ಬೇಡಿಕೊಂಡಳು.

ವರದಿ ನೋಡಿ ಮೇಲಧಿಕಾರಿಗೆ ಸಂತೋಷವಾಯಿತು. ಊರಿನ ತಲಾ ಆದಾಯ, ಅಂದರೆ ಒಟ್ಟು ಗಳಿಕೆಯನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ, ಚೆನ್ನಾಗಿ ಏರಿತ್ತು. ಎಂಟು ಮನೆಗಳಲ್ಲಿ ಯಾರ ಗಳಿಕೆಯೂ ಅಷ್ಟೇನೂ ಹೆಚ್ಚಿಲ್ಲ, ಬಡ ಮನೆಯೊಂದು ಊರು ಬಿಟ್ಟಿದೆ ಅಷ್ಟೇ ಎಂದೆ. “ಲೆಕ್ಕ ಸರಿ ಇದೆಯಲ್ಲ?” ಎಂದರು. ಸರಿಯೇ ಇತ್ತು. ಸಹಿ ಹಾಕಿದೆ.

ಭಾನುವಾರ ಗಂಟು ಹಿಡಿದು ಹುಡುಕಿಕೊಂಡು ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಶರಣಮ್ಮ ಗಂಟು ಬಿಚ್ಚಿ, ರೊಟ್ಟಿಯನ್ನು ಮುರಿಯದೆ ಮೂಗಿನ ಹತ್ತಿರ ಹಿಡಿದು ಕುಳಿತಳು.

“ನಾಗಿ ಸೊರಗ್ಯಾಳೇನ್ರಿ?” ಎಂದು ಮೊದಲು ಕೇಳಿದಳು. ಆಮೇಲೆ, “ಇಲ್ಲಿ ದುಡ್ಡು ಐತ್ರಿ, ಇಲ್ಲ ಅನ್ನಂಗಿಲ್ಲ. ಮಷೀನಿನ ಸಪ್ಪಳದಾಗ ದಿನಾ ಪೂರಾ ಯಾರ ಕೂಡಾನೂ ಮಾತಿಲ್ಲ. ಊರಿನ ಲೆಕ್ಕದಾಗ ನಮ್ಮ ಹೆಸರು ಬರ್ಕೊಂಡ್ರೇನು?”

ಸುಳ್ಳು ಹೇಳಲು ಮನಸ್ಸಾಯಿತು. “ಇಲ್ಲಮ್ಮ” ಎಂದೆ. ಅವಳು ಗಂಟಿನ ಬಟ್ಟೆಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಎರಡು ವರ್ಷದ ನಂತರ ಹೋದಾಗ ಆ ಮನೆಯ ಬಾಗಿಲು ತೆರೆದಿತ್ತು. ಹಳೆಯ ಹೊಲಿಗೆ ಮಷೀನೊಂದನ್ನು ಕೊಂಡು ಶರಣಮ್ಮ ವಾಪಸು ಬಂದಿದ್ದಳು. ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಗಂಡ ಬಳ್ಳಾರಿಯಿಂದ ಬಸ್ಸಿನಲ್ಲಿ ತರುತ್ತಿದ್ದ. ನಗರದಷ್ಟು ಗಳಿಕೆಯಿಲ್ಲ. ಹಿರಿಯ ಮಗಳು ಕಾಲೇಜಿಗಾಗಿ ಅಲ್ಲಿನ ಹಾಸ್ಟೆಲ್‌ನಲ್ಲೇ ಉಳಿದಿದ್ದಳು. ಜನಸಂಖ್ಯೆ ಮೂವತ್ತೇಳಕ್ಕೆ ಏರಿತು, ತಲಾ ಆದಾಯ ಇಳಿಯಿತು.

ಮೇಲಧಿಕಾರಿ ಫೋನ್ ಮಾಡಿದರು. “ಸರಾಸರಿ ಬಿದ್ದಿದೆ. ಎಲ್ಲೋ ತಪ್ಪಿದ್ದೀರಿ.”

“ಇಲ್ಲ ಸರ್. ನಾಲ್ಕು ಜನ ಮನೆಗೆ ಬಂದಿದ್ದಾರೆ.”

ಆದರೂ ಮರುಪರಿಶೀಲನೆಗೆ ಕಳಿಸಿದರು. ಗೆಳತಿಯರಿಬ್ಬರೂ ಒಂದೇ ಒಲೆಯ ಮುಂದಿದ್ದರು. ಈಗ ಸಮಾಧಾನವೇ ಎಂದು ಶರಣಮ್ಮನನ್ನು ಕೇಳಿದೆ.

“ಅರ್ಧ ಸಮಾಧಾನ ಐತ್ರಿ. ಅಲ್ಲಿದ್ದಾಗ ನಾಗಿ ನೆನಪು, ಇಲ್ಲಿಗೆ ಬಂದ್ರ ಮಗಳ ನೆನಪು. ಪೂರಾ ಒಂದು ಕಡೆ ಇರಾಕ ಆಗಲೇ ಇಲ್ಲ ನೋಡ್ರಿ.”

ಅದಕ್ಕೆ ನನ್ನ ಫಾರಂನಲ್ಲಿ ಕಾಲಂ ಇರಲಿಲ್ಲ. ಅಂಕಿಗಳೆಲ್ಲ ಸರಿಯಾಗಿವೆ ಎಂದು ಬರೆದು ಬಂದೆ.

ಅಲ್ಲಿಂದ ಮುಂದೆ, ನಿವೃತ್ತಿಯ ದಿನದವರೆಗೂ, ಯಾವುದೇ ಊರಿನ ಸರಾಸರಿ ಏರಿದೆ ಎಂದಾಗ ನಾನು ಗಳಿಕೆಯ ಪುಟಕ್ಕಿಂತ ಮೊದಲು ಮನೆಗಳ ಪಟ್ಟಿ ತೆರೆದು, ಯಾರು ಹೋದರು ಎಂದು ನೋಡುತ್ತಿದ್ದೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಉತ್ತರ ದೊಡ್ಡದಾಗುತ್ತದೆ ಎಂದು ಶಾಲೆಯಲ್ಲೇ ಕಲಿತಿದ್ದೆ. ಆ ಸಂಖ್ಯೆ ಮನುಷ್ಯರದು ಎಂಬುದನ್ನು ಕಲಿಸಿದ್ದು ಆ ಒಂಬತ್ತು ಮನೆಯ ಊರು.