ಬಿರುಕಿಗೆ ಅಂಟಿಸಿದ ಚೀಟಿ

ಟಪ್ ಎಂದು ಒಂದೇ ಸದ್ದು, ಒಣಗಿದ ತೆಂಗಿನ ಗರಿಯ ಬುಡ ಮುರಿದ ಹಾಗೆ. ಊಟಕ್ಕೆ ಕುಳಿತಿದ್ದ ನಾವೆಲ್ಲ ತಲೆಯೆತ್ತಿದೆವು. ಅಡುಗೆಮನೆಯ ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಕೂದಲೆಳೆಯಷ್ಟು ಬಿರುಕು. ಎಪ್ಪತ್ತರ ದಶಕದ ಕೊನೆ. ತುರುವೇಕೆರೆ ಕಡೆಯ ನಮ್ಮ ಹೊಸಮನೆಗೆ ಆಗ ಎರಡು ತಿಂಗಳು, ನನ್ನ ಮದುವೆಗೆ ಮೂರು.

ಆ ಮೂಲೆಯಲ್ಲಿ ಹಿಂದೆ ತೆಂಗಿನ ಮಟ್ಟೆ ಕೊಳೆಹಾಕುವ ಗುಂಡಿಯಿತ್ತಂತೆ. ಅದನ್ನು ಮುಚ್ಚಿ ಮೇಲೆ ಪಾಯ ಹಾಕಿದ್ದರು. ಸಾಲದ್ದಕ್ಕೆ, ಒಲೆಯ ಶಾಖಕ್ಕೆ ಕೊಬ್ಬರಿ ಚೆನ್ನಾಗಿ ಆಗುತ್ತದೆಂದು ಇಡೀ ವರ್ಷದ ಕಾಯನ್ನು ಅಡುಗೆಮನೆಯ ಅಟ್ಟಕ್ಕೇ ತುಂಬಿದ್ದೆವು. ಫೌಂಡೇಷನ್ ಪಾಪ, ಏನು ಮಾಡೀತು?

ಮಾವನವರು ಮನೆ ಕಟ್ಟಿದ ಮೇಸ್ತ್ರಿಯನ್ನು ಕರೆಸಿದರು. "ಗೋಡೆ ಕೆಡವಿ ಹೊಸದಾಗಿ ಕಟ್ಟಯ್ಯ."

"ಕೆಡವಿದ್ರೆ ಸುತ್ತಲ ಹಳ್ಳೀಲಿ ಒಂದು ಕೊಟ್ಟಿಗೆ ಕಟ್ಟೋಕೂ ನನ್ನ ಯಾರೂ ಕರೆಯಾಕಿಲ್ಲ ಗೌಡ್ರೇ. ಯುಗಾದಿಗಂಟ ಟೈಮ್ ಕೊಡಿ. ಕಾಯಿ ಅಟ್ಟದಲ್ಲೇ ಇರ್ಲಿ. ಭಾರಕ್ಕೆ ಮಣ್ಣು ಎಷ್ಟು ಕುಸೀಬೇಕೋ ಅಷ್ಟು ಕುಸಿದು ಕುಂತ್ಕೊಳ್ತದೆ."

"ಕುಂತ್ಕೊಳ್ದಿದ್ರೆ?"

"ನಾನೇ ಕೆಡವ್ತೀನಿ. ಆಮೇಲೆ ಕರಣೆ ಮುಟ್ಟಾಕಿಲ್ಲ."

ಬಿರುಕಿಗೆ ಅಡ್ಡಲಾಗಿ ಕಾಗದದ ಚೀಟಿ ಅಂಟಿಸಿ ನೋಡುವುದು ಮೇಸ್ತ್ರಿಯ ಕ್ರಮ. ಗೋಡೆ ಸರಿದರೆ ಚೀಟಿ ಹರಿಯುತ್ತದೆ. "ಅವ್ವಾ, ನೀವು ಓದ್ದೋರು, ತಾರೀಕು ಬರೀರಿ," ಎಂದರು ನನಗೆ. ನನ್ನ ಹಳೆಯ ಕಾಂಪೋಸಿಷನ್ ಪುಸ್ತಕದ ಹಾಳೆ ಕತ್ತರಿಸಿ, ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಕರ್ಸಿವ್‌ನಲ್ಲಿ ಬರೆದು, ರಾಗಿ ಗಂಜಿಯಲ್ಲಿ ಅಂಟಿಸಿದೆ.

"ಗೋಡೆಗೂ ಇಂಗ್ಲಿಷ್ ಕಲಿಸ್ತೀಯೇನೇ?" ಎಂದರು ಅತ್ತೆ.

"ಅದಾದ್ರೂ ಕಲೀಲಿ ಬುಡೇ, ನಿನ್ ಮಗ ಅಂತೂ ಕಲೀಲಿಲ್ಲ," ಎಂದರು ಮಾವ. ನನ್ನ ಗಂಡನಿಗೆ ಮಜ್ಜಿಗೆ ನೆತ್ತಿಗೇರಿತು.

ಮೊದಲ ಚೀಟಿ ವಾರದಲ್ಲಿ ಹರಿಯಿತು, ಎರಡನೆಯದು ತಿಂಗಳಿಗೆ. ಮೇಸ್ತ್ರಿ ಪ್ರತಿ ಸೋಮವಾರ ನೊಣವಿನಕೆರೆಯಿಂದ ಬಸ್ಸಿನಲ್ಲಿ ಬಂದು ಚೀಟಿಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಎಂಥ ಸಸ್ಪೆನ್ಸ್ ಅದು. ಅದುವರೆಗೆ ನನ್ನೊಡನೆ ಮಾತೇ ಆಡದಿದ್ದ ಮಾವನವರು ಮುಖ ತೊಳೆಯುವ ಮೊದಲೇ "ಏನವ್ವಾ, ಹರೀತಾ?" ಎಂದು ಕೇಳತೊಡಗಿದರು. ನಾವಿಬ್ಬರೂ ಫ್ರೆಂಡ್ಸ್ ಆದದ್ದು ಹಾಗೆ.

ಮೂರನೆಯ ಚೀಟಿ ಹರಿಯಲೇ ಇಲ್ಲ. ಯುಗಾದಿಯ ಮಾರನೆಯ ದಿನ ಮೇಸ್ತ್ರಿ ಬಿರುಕಿಗೆ ಗಾರೆ ತುಂಬಿದರು. ಮಾವನವರು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೋಳಿಗೆ ಹಾಕಿಸಿ, "ನಮ್ಮಣ್ಣನ ಮನೆ ಪಾಯಾನೂ ನಿಂದೇ ಕಣಯ್ಯ," ಎಂದರು.

ಆ ಮನೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಬಾಣಂತನ ಮುಗಿಸಿ ಬಂದ ಮೇಲೆ. ಅಷ್ಟರಲ್ಲಿ ಮೇಸ್ತ್ರಿ ಹುಳಿಯಾರಿನ ಕಡೆ ಕೆಲಸ ಹಿಡಿದು ಹೋಗಿದ್ದರು. ಹೆರಿಗೆಗೆಂದು ತವರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡದ್ದೇ ಕಡೆ. ಎದೆಮಟ್ಟದ ಪಾಯದ ಗುಂಡಿಯಲ್ಲಿ ತಲೆಗೆ ಟವೆಲ್ ಸುತ್ತಿ ನಿಂತು, "ಇನ್ನೂ ಒಂದು ಮೊಳ ತೋಡ್ರಲಾ," ಎಂದು ಆಳುಗಳನ್ನು ಗದರಿಸಿಕೊಂಡು ನಗುತ್ತಿದ್ದರು.