ಪೆನ್ಸಿಲಿನ ಚೀಟಿ

ಸ್ಪಿರಿಟಿನ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗುತ್ತದೇನೋ. ನನಗೆ ನೆನಪಾಗುವುದು ನಮ್ಮ ಮೇಡಂ. ಮೊನ್ನೆ ಕೊಚ್ಚಿಯ ನಮ್ಮ ಲ್ಯಾಬಿಗೆ ತಿರುವನಂತಪುರದ ಕಾಲೇಜಿನಿಂದ ಅವರು ಸ್ಪಿರಿಟಿನಲ್ಲಿಟ್ಟ ಕಡಲಜೀವಿಗಳ ಬಾಟಲಿಗಳು ಬಂದವು. ಮೊದಲ ಪೆಟ್ಟಿಗೆ ಬಿಚ್ಚಿದ್ದೇ ತಡ, ಕಣ್ಣು ತುಂಬಿತು. ಸ್ಪಿರಿಟಿನ ಘಾಟು ಎಂದು ಪಕ್ಕದವರಿಗೆ ಹೇಳಿದೆ.

ಮೇಡಂ ಉಡುಪಿ ಕಡೆಯವರು, ಮೀನು ಬಾಯಿಗಿಟ್ಟವರಲ್ಲ. ಆದರೂ ತಿರುವನಂತಪುರದ ಹತ್ತಿರದ ವಿಳಿಞ್ಞಂ ಬಂದರಿನಲ್ಲಿ ಬಲೆ ಬಿಡಿಸುವವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅವರು ಕಸವೆಂದು ಎಸೆಯುವ ಜೀವಿಗಳನ್ನೆಲ್ಲ ಆರಿಸಿಕೊಳ್ಳುತ್ತಿದ್ದರು. ಅಲ್ಲಿನವರ ಬಾಯಲ್ಲಿ ಅವರು ‘ತಿನ್ನಾತ್ತ ಟೀಚರ್’, ತಿನ್ನದ ಟೀಚರ್. ಕಾಸರಗೋಡಿನಿಂದ ಅವರ ಕಾಲೇಜಿಗೆ ಓದಲು ಹೋದ ನಾನು ಮೊದಲ ದಿನ ಹೆದರಿ ಮಲಯಾಳದಲ್ಲಿ ಮಾತಾಡಿದರೆ, ಅವರು ಕನ್ನಡದಲ್ಲಿ ಊಟ ಆಯಿತೇ ಎಂದು ಕೇಳಿದ್ದರು. ಹಾಸ್ಟೆಲಿನಲ್ಲಿ ಅಳು ನುಂಗುತ್ತಿದ್ದವಳಿಗೆ ಅಷ್ಟೇ ಸಾಕಾಯಿತು.

ಅವರದ್ದು ಒಂದೇ ಹಟ. ಬಾಟಲಿಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು: ಎಲ್ಲಿ ಸಿಕ್ಕಿತು, ಯಾವತ್ತು, ತಂದವರು ಯಾರು. ಅದಕ್ಕೆಂದೇ ಅವರ ತುರುಬಿನಲ್ಲೊಂದು ಪೆನ್ಸಿಲ್ ಸದಾ ಇರುತ್ತಿತ್ತು. ನನಗೋ ನನ್ನ ಅಕ್ಷರದ ಜಂಬ. ಹೊಸ ಪೆನ್ನಿನಲ್ಲಿ ಮುತ್ತು ಪೋಣಿಸಿದಂತೆ ಬರೆದೆ. ನಾಲ್ಕು ದಿನದಲ್ಲಿ ಶಾಯಿಯೆಲ್ಲ ಸ್ಪಿರಿಟಿಗಿಳಿದು ಚೀಟಿ ಬೆಳ್ಳಗಾಯಿತು. ಒಳಗಿದ್ದದ್ದು ಪುಟ್ಟ ನಕ್ಷತ್ರಮೀನು. ಮುರಿದ ಒಂದು ತೋಳು ಮತ್ತೆ ಚಿಗುರುತ್ತಿದ್ದಾಗಲೇ ಬಲೆಗೆ ಬಿದ್ದದ್ದು. ಮೇಡಂ ವರ್ಷಗಟ್ಟಲೆ ಹುಡುಕುತ್ತಿದ್ದ ಜಾತಿ ಅದು.

ಆ ವಾರ ಮೂರು ಕಡಲತೀರ ಸುತ್ತಿದ್ದೆವು; ಅದನ್ನು ಯಾವ ತೀರದಲ್ಲಿ ಆರಿಸಿಕೊಂಡೆನೋ ನನಗೇ ನೆನಪಿರಲಿಲ್ಲ. ವಿಳಿಞ್ಞಂ ಎಂದೇ ಬರೆದುಬಿಡಲೇ ಎಂದು ಕೇಳಿದೆ.

“ಅಂದಾಜಿಗೆ ಬರೀಲಿಕ್ಕಿಲ್ಲ ಮಾರಾಯ್ತಿ. ಊರು ಗೊತ್ತಿಲ್ಲದ ಮೇಲೆ ಅದು ಯಾವ ಲೆಕ್ಕಕ್ಕೂ ಇಲ್ಲ. ಬಿಸಾಡು.”

ಬಿಸಾಡುವ ಧೈರ್ಯ ಬರಲಿಲ್ಲ. ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು ಓಡಿಬಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ. ಆಮೇಲೆ ಕೊಚ್ಚಿಯಲ್ಲಿ ಕೆಲಸ ಸಿಕ್ಕಿತು. ಅವರ ಮನೆಗೆ ರೈಲಿನಲ್ಲಿ ನಾಲ್ಕು ಗಂಟೆಯ ದಾರಿ, ಅಷ್ಟೆ. ಪ್ರತಿ ರಜೆಯಲ್ಲೂ ಮುಂದಿನ ಸಲ ಹೋಗೋಣ ಎನ್ನುತ್ತಿದ್ದೆ. ಹೋದ ವರ್ಷ ಅವರೇ ಇಲ್ಲವಾದರು. ಊಟ ಆಯಿತೇ ಎಂಬ ಆ ದನಿ ಇನ್ನೊಮ್ಮೆ ಕೇಳಿದ್ದರೆ ಎಂದು ಈಗ ಜೀವ ಹಂಬಲಿಸುತ್ತದೆ.

ಮೂರನೆಯ ಪೆಟ್ಟಿಗೆಯಲ್ಲಿ ಆ ಬಾಟಲಿಯಿತ್ತು. ನಕ್ಷತ್ರಮೀನಿನ ತೋಳು ಇನ್ನೂ ಅರ್ಧಕ್ಕೇ ನಿಂತಿದೆ. ನನ್ನ ಖಾಲಿ ಚೀಟಿಯ ಪಕ್ಕದಲ್ಲಿ ಇನ್ನೊಂದು ಚೀಟಿ, ಮೇಡಂ ಕೈಬರಹ. ಉಳಿದ ಬಾಟಲಿಗಳಲ್ಲೆಲ್ಲ ಇಂಗ್ಲಿಷ್, ಇದೊಂದರಲ್ಲಿ ಮಾತ್ರ ಕನ್ನಡ: “ಊರು ಗೊತ್ತಿಲ್ಲ. ದಿನ ಗೊತ್ತಿಲ್ಲ. ತಂದವಳು ನಮ್ಮ ಹುಡುಗಿ.”

ನಿಯಮದ ಪ್ರಕಾರ ಅದನ್ನು ಬಿಸಾಡಬೇಕು. ನಾನು ಹೊಸ ಸ್ಪಿರಿಟ್ ತುಂಬಿಸಿದೆ. ಮೂರನೆಯದೊಂದು ಚೀಟಿ ಕತ್ತರಿಸಿ, ಪೆನ್ಸಿಲಿನಲ್ಲಿ ಬರೆದು ಒಳಗೆ ಹಾಕಿದೆ: “ಉಳಿಸಿಕೊಂಡವರು ನಮ್ಮ ಮೇಡಂ.”